ಹೆಜ್ಜೆ ಬಲ್ಲ ಮನೆ

ಎಲ್ಲಕ್ಕೂ ಕಾರಣ ಸೂಗಮ್ಮನವರ ಒಂದು ಮಾತು. ಬಸವಕಲ್ಯಾಣದಲ್ಲಿ ತ್ರಿಪುರಾಂತ ಕೆರೆಯ ಕಡೆ ಮಗ ಮಹಾರುದ್ರಪ್ಪ ಕಟ್ಟಿಸಿದ ಹೊಸ ಮನೆಯನ್ನು ಅವರು ರಸ್ತೆಯಲ್ಲಿ ನಿಂತೇ ಕಣ್ತುಂಬ ನೋಡಿ, "ವಾಸ್ತುಶಾಂತಿ ಆಗೂತನಕ ನಮ್ಮ ಮನಿಮಂದಿ ಒಬ್ಬರೂ ಹೊಸ್ತಿಲ ದಾಟಬಾರದು ನೋಡಪಾ" ಎಂದಿದ್ದರು. ಅವರು ಹೇಳಿದರೆಂದರೆ ಮುಗಿಯಿತು. ಮನೆ ಕಟ್ಟಿಸಿದ ಮಹಾರುದ್ರಪ್ಪನವರೇ ಒಂದು ತಿಂಗಳು ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ಕಿಟಕಿಯೊಳಗೆ ಇಣುಕಿ ಗಾರೆ ಕೆಲಸ ನೋಡಿದರು.

ಇದರಿಂದ ಪೇಚಿಗೆ ಬಿದ್ದವನು ಸೂರ್ಯಕಾಂತ. ಮಹಾರುದ್ರಪ್ಪನವರು ಅಧ್ಯಕ್ಷರಾಗಿದ್ದ ಹುಮನಾಬಾದಿನ ತಾಂತ್ರಿಕ ಕಾಲೇಜಿನಲ್ಲಿ ಅವನು ಒಂಬತ್ತು ವರ್ಷಗಳಿಂದ ತಾತ್ಕಾಲಿಕ ಉಪನ್ಯಾಸಕ. ಈ ವರ್ಷ ಒಂದೇ ಒಂದು ಕಾಯಂ ಹುದ್ದೆ ತೆರೆದಿತ್ತು. ಮುಂದಿನ ಶ್ರಾವಣಕ್ಕೆ ಅವನ ವಯಸ್ಸು ಮೀರುತ್ತಿತ್ತು. ಇಂದಲ್ಲದಿದ್ದರೆ ಇನ್ನೆಂದೂ ಇಲ್ಲ. ಹೆಂಡತಿ ಜಯಮಾಲಾ ಮದುವೆಯಾದಂದಿನಿಂದ "ಈ ವರ್ಷ ಖಾಯಂ ಆಗ್ತದ" ಎಂಬ ಮಾತನ್ನು ಎಷ್ಟು ಸಲ ಕೇಳಿದ್ದಳೆಂದರೆ, ಈಗ ಅದನ್ನು ಹವಾಮಾನ ವಾರ್ತೆಯ ಹಾಗೆ ಕೇಳಿಸಿಕೊಂಡು ರೊಟ್ಟಿ ತಟ್ಟುತ್ತಿದ್ದಳು.

ಮಹಾರುದ್ರಪ್ಪನವರಿಗೆ ಹೈದರಾಬಾದಿನ ವಸ್ತುಪ್ರದರ್ಶನದಲ್ಲಿ ಒಂದು ಹುಚ್ಚು ಹಿಡಿದಿತ್ತು. ಮನುಷ್ಯ ಗುಂಡಿ ಒತ್ತಬಾರದು. ಬಂದವರು ಯಾರೆಂದು ಮನೆಯೇ ಅರಿತು, ಅವರಿಗೆ ಬೇಕಾದ ದೀಪ, ಅವರಿಗೆ ಬೇಕಾದಷ್ಟು ಗಾಳಿ ತಾನೇ ಕೊಡಬೇಕು. "ಮಾಸ್ತರ, ಇಂಥಾ ಮನಿ ಮಾಡಿ ಕೊಡ್ರಿ. ಶಾಂತಿ ದಿನ ನಮ್ಮ ಮನಿಗಿ ಬುದ್ಧಿ ಬಂದಿರಬೇಕು. ಬುದ್ಧಿ ಕೊಟ್ಟವರಿಗಿ ಅವತ್ತೇ ಖಾಯಂ ಆರ್ಡರ್" ಎಂದಿದ್ದರು.

ಸೂರ್ಯಕಾಂತ ಊಟ ನಿದ್ದೆ ಬಿಟ್ಟು ದುಡಿದ. ವೈರಿಂಗ್ ಕೆಲಸದ ಅಬ್ದುಲ್ ಕರೀಂನನ್ನು ಕಟ್ಟಿಕೊಂಡು, ಕೋಣೆಗಳ ಮೂಲೆಯಲ್ಲಿ ಅಲುಗಾಟ ಕಾಣುವ ಪುಟ್ಟ ಕಣ್ಣುಗಳನ್ನು ಕೂರಿಸಿದ. ಮೆಟ್ಟಿಲ ಕೆಳಗಿನ ಗೂಡಿನಿಂದ ಅಡಿಗೆಮನೆಯವರೆಗೂ ಪಡಸಾಲೆಯ ಹಿಂದೆ ಹಾದುಹೋಗುವ ಓಣಿಯಲ್ಲಿ, ನೆಲಹಾಸಿನ ಕೆಳಗೆ ಹೆಜ್ಜೆಯ ಭಾರ ಮತ್ತು ಗತ್ತು ಹಿಡಿಯುವ ಪಟ್ಟಿ ಹಾಸಿದ. ಅದೇ ಪಟ್ಟಿಯನ್ನು ತಲೆಬಾಗಿಲಿಗೂ ಎಳೆದ. ಹೆಜ್ಜೆ ಯಾರದೆಂದು ಪಟ್ಟಿ ಹೇಳಿದರೆ, ಅಲುಗಾಟ ಕಂಡ ಕೋಣೆಯಲ್ಲಿ ಅವರಿಗೆ ಬೇಕಾದ ದೀಪ, ಗಾಳಿ. ಗೂಡಿನಲ್ಲಿ ಕಾಲೇಜಿನ ಹಳೆಯ ಕಂಪ್ಯೂಟರು ಇಟ್ಟ. ಇನ್ನು ಮನೆಯ ನಾಲ್ವರು ನೂರು ನೂರು ಸಲ ಪಟ್ಟಿಯ ಮೇಲೆ ನಡೆದು ತಮ್ಮ ಹೆಜ್ಜೆಯನ್ನು ಯಂತ್ರಕ್ಕೆ ಕಲಿಸಿದರೆ ಸಾಕು ಎನ್ನುವಷ್ಟರಲ್ಲಿ ಸೂಗಮ್ಮನವರ ಆ ಮಾತು.

"ಅವ್ವನ ಮಾತ ನಾ ಮೀರಾಂವ ಅಲ್ಲ" ಎಂದರು ಮಹಾರುದ್ರಪ್ಪ ಅಂಗಳದ ಕುರ್ಚಿಯಿಂದ. "ಆದ್ರ ನಾ ಕಾಲಿಟ್ಟ ಕೂಡ್ಲೆ ಮನಿ ನನ್ನ ಗುರ್ತ ಹಿಡೀಬೇಕು. ಅದು ಹ್ಯಾಂಗ ಅನ್ನೂದು ನಿಮ್ಮ ಜಿಮ್ಮೇದಾರಿ."

ಸೂರ್ಯಕಾಂತ ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಳಿತ. ಅಬ್ದುಲ್ ಕರೀಂ ಬೀಡಿ ಹಚ್ಚಿ, "ಅದಕ್ಯಾಕ ಇಷ್ಟು ಫಿಕರ್ ಮಾಡ್ತೀರಿ ಮಾಸ್ತರ್ ಸಾಬ್? ಮಷೀನಿನ ಕಣ್ಣಿಗಿ ಮಾರಿ ಕಾಣ್ತದೇನು? ಕಾಲು ಯಾರದಾದ್ರೇನು, ನಡಿಗಿ ಅವರದಾದ್ರ ಆಯ್ತು. ನೀವೇ ನಡೀರಿ" ಎಂದ.

ಹೀಗೆ ಸೂರ್ಯಕಾಂತ ನಾಲ್ಕು ಜನರಾಗಿ ನಡೆದ. ಮಹಾರುದ್ರಪ್ಪನವರದು ದೊಡ್ಡ ದೇಹ. ಅದಕ್ಕಾಗಿ ಮೂವತ್ತು ಕಿಲೋ ಜೋಳದ ಚೀಲ ಬೆನ್ನಿಗೇರಿಸಿಕೊಂಡು ಧಡ್ ಧಡ್ ಎಂದು ನೂರು ಸಲ ಓಡಾಡಿದ. ಸೂಗಮ್ಮನವರಿಗೆ ಎಂಬತ್ತೆರಡು ವರ್ಷವೆಂದು ಕೇಳಿದ್ದ. ಸೊಂಟ ಬಗ್ಗಿಸಿ, ಕೋಲು ಊರಿ, ಹೆಜ್ಜೆಗೊಮ್ಮೆ ನಿಂತು ಉಸಿರು ಬಿಟ್ಟು ನಡೆದ. ಮಹಾರುದ್ರಪ್ಪನವರ ಹೆಂಡತಿ ಭುವನೇಶ್ವರಿಯವರಿಗಾಗಿ ಪುಟ್ಟ ಪುಟ್ಟ ಹೆಜ್ಜೆ ಇಟ್ಟ. ಕೊನೆಗೆ ಉಳಿದವನು ಮಗ ಬಸವಕಿರಣ. ಡಿಪ್ಲೊಮಾವನ್ನು ನಾಲ್ಕನೆಯ ಸಲಕ್ಕೆ ಮುಗಿಸಿದವನು. ಕಾಗದದ ಮೇಲೆ ಕಾಲೇಜಿನ ಪ್ರಯೋಗಶಾಲೆಯಲ್ಲಿ ಸೂರ್ಯಕಾಂತನ ಸಹಾಯಕ, ಕಣ್ಣಿಗೆ ಕಂಡದ್ದು ಎರಡು ವರ್ಷದಲ್ಲಿ ಮೂರು ಸಲ. ಅವನದು ಹೆಚ್ಚುಕಡಿಮೆ ಸೂರ್ಯಕಾಂತನಷ್ಟೇ ಮೈಕಟ್ಟು. ಅಷ್ಟರಲ್ಲಿ ಸೂರ್ಯಕಾಂತನ ಕಾಲು ಸೋತುಹೋಗಿದ್ದವು. ಯಾವ ವೇಷವನ್ನೂ ಹಾಕದೆ ತನ್ನ ನಡಿಗೆಯನ್ನೇ ನಡೆದು 'ಬಸವಕಿರಣ' ಎಂದು ಬರೆದುಬಿಟ್ಟ. ತನ್ನ ಹೆಸರನ್ನು ಸೇರಿಸುವ ವಿಚಾರ ಅವನಿಗೆ ಬರಲೇ ಇಲ್ಲ. ತಾನೇನು ಆ ಮನೆಯವನೆ?

ಶಾಂತಿಯ ದಿನ ಬೆಳಗಿನ ಆರಕ್ಕೇ ಅವನು ಮೆಟ್ಟಿಲ ಕೆಳಗೆ ಹೊಕ್ಕು ಕುಳಿತ. ವೈಶಾಖದ ಬಿಸಿಲೆಂದು ಪಡಸಾಲೆಗೆಲ್ಲ ದಪ್ಪ ಪರದೆ ಬಿಟ್ಟಿದ್ದರು, ಒಳಗೆ ನಸುಗತ್ತಲೆ. ಹೊರಗೆ ಬಾಜಾ ಬಜಂತ್ರಿ ಸಮೀಪಿಸಿತು. ಯಂತ್ರದ ಪರದೆಯನ್ನು ನೋಡುತ್ತ ಅವನು ಉಗುರು ಕಚ್ಚಿದ.

ಮೊದಲು ಸೂಗಮ್ಮನವರು ಬಂದರು. ಸೂರ್ಯಕಾಂತ ಪರದೆಯ ಸಂದಿಯಲ್ಲಿ ನೋಡಿದ. ಎಂಬತ್ತೆರಡರ ಆಯಿ ಬೆನ್ನು ಕಂಬದಂತೆ ನೆಟ್ಟಗೆ ಮಾಡಿಕೊಂಡು, ಕವಾಯತಿನ ಸಿಪಾಯಿಯ ಹಾಗೆ ದಾಪುಗಾಲು ಹಾಕುತ್ತ ಬರುತ್ತಿದ್ದರು. ಕೋಲಿತ್ತು, ಆದರೆ ಬಗಲಲ್ಲಿ; ಅದು ಬೀದಿನಾಯಿಗೆಂದು ಇಟ್ಟುಕೊಂಡದ್ದು. ಕೈಯಲ್ಲಿ ಎರಡು ವರ್ಷದ ಹಿಂದೆ ತೀರಿಕೊಂಡ ಯಜಮಾನರ ಪಟ. ಹೊಸ್ತಿಲು ದಾಟಿದರು. ದೀಪ ಹೊತ್ತಲಿಲ್ಲ. ಹಿಂದೆಯೇ ಮಹಾರುದ್ರಪ್ಪ. ದಿನವೆಲ್ಲ ನೆಲ ನಡುಗಿಸಿ ನಡೆಯುವ ಮನುಷ್ಯ, ಇಂದು ಮಠದ ಅಯ್ಯನವರ ಹಿಂದೆ ಬರಿಗಾಲಲ್ಲಿ, ಕೈಮುಗಿದು, ಹಾಲು ಕದಿಯುವ ಬೆಕ್ಕಿನ ಹಾಗೆ ತುದಿಗಾಲಲ್ಲಿ ಬಂದರು. ಫ್ಯಾನು ತಿರುಗಲಿಲ್ಲ.

"ಮಾಸ್ತರ ಎಲ್ಲಿ?" ಎಂದು ಮೆಲ್ಲಗೆ ಕೇಳಿದರು ಮಹಾರುದ್ರಪ್ಪ. ಆ ಮೆಲುದನಿ ಸೂರ್ಯಕಾಂತನಿಗೆ ಗುಡುಗಿಗಿಂತ ಜೋರಾಗಿ ಕೇಳಿಸಿತು.

ಬೇರೆ ದಾರಿಯಿರಲಿಲ್ಲ. ಅವನು ಓಣಿಗೆ ಬಂದು, ಮೂಲೆಯಲ್ಲಿದ್ದ ಜೇಡರ ಬಲೆ ಹೊಡೆಯುವ ಕೋಲನ್ನು ಕಸಿದು, ಸೊಂಟ ಬಗ್ಗಿಸಿ, ಟಕ್ ಟಕ್ ಎಂದು ನಡೆದ. ನಾಲ್ಕನೆಯ ಹೆಜ್ಜೆಗೆ ಪಡಸಾಲೆಯಲ್ಲಿ ಹಳದಿ ದೀಪಗಳು ಒಂದೊಂದಾಗಿ ಅರಳಿದವು. ಸೂಗಮ್ಮನವರಿಗೆ ಇಷ್ಟವೆಂದು ಇಟ್ಟಿದ್ದ ಶಹನಾಯಿಯ ಕ್ಯಾಸೆಟ್ಟು ಮೆಲ್ಲಗೆ ನುಡಿಯಿತು. ನೆರೆದವರೆಲ್ಲ "ಅಬಬಾ!" ಎಂದರು.

ಸೂಗಮ್ಮನವರು ದೀಪಗಳನ್ನು ನೋಡಿ, ಪಟವನ್ನು ಎದೆಗೊತ್ತಿಕೊಂಡು, ಓಣಿಯ ಬಾಯಿಗೆ ಬಂದು ಬೆವರು ಒರೆಸಿಕೊಳ್ಳುತ್ತಿದ್ದ ಸೂರ್ಯಕಾಂತನನ್ನು ಕೇಳಿದರು: "ತಮ್ಮಾ, ನಾ ಬಂದದ್ದು ತಿಳೀತು. ಇವರು ಬಂದದ್ದೂ ಮನಿಗಿ ತಿಳೀತೇನು?"

ಅವನು ಪಟಕ್ಕೆ ಕೈಮುಗಿದ. "ತಿಳೀತ್ರಿ ಆಯಿ" ಎಂದ. ಆ ದಿನ ಅವನು ಹೇಳಿದ ಸುಳ್ಳುಗಳಲ್ಲಿ ಅದೊಂದಕ್ಕೆ ಮಾತ್ರ ಅವನು ಮುಂದೆಯೂ ನೊಂದುಕೊಳ್ಳಲಿಲ್ಲ.

ಆಯಿ ಮುಂದೆ ಹೋದರೋ ಇಲ್ಲವೋ, ಬೆನ್ನ ಹಿಂದೆ ಪಕ್ಕದ ಮನೆಯ ರುಕ್ಮಿಣಿಬಾಯಿಯ ದನಿ ಕೇಳಿತು.

"ಅಯ್ಯ ಮಾಸ್ತರ, ಕೋಲ ಹಿಡ್ಕೊಂಡು ಬಗ್ಗಿ ನಡ್ಯಾಕತ್ತಿದ್ರಿ! ಸೊಂಟ ಹಿಡದದೇನ್ರಿ?"

"ಹೂಂನ್ರಿ ಬಾಯಿ. ಜರಾ ಹಿಡದದ."

"ಜರಾ ಅಲ್ರಿ ಅದು, ಭಾಳ ಹಿಡದದ. ನಾ ನೋಡ್ದೆ ಅಲ್ಲ! ನಮ್ಮ ಮನೆಯವರಿಗೂ ಹಿಂಗೇ ಆಗಿತ್ತು, ಆರು ತಿಂಗಳು ಎದ್ದಿಲ್ಲ. ನಿಂದರ್ರಿ, ಕಾಸಾಕ ಬಿಸಿ ಇಟಂಗಿ ತರ್ತೀನಿ."

"ಬ್ಯಾಡ್ರಿ ಬಾಯಿ, ಕೈ ಮುಗೀತೀನಿ."

"ನಾಚ್ಕೋಬ್ಯಾಡ್ರಿ. ಇಷ್ಟು ಸಣ್ಣ ವಯಸ್ಸಿಗಿ, ಪಾಪ!" ಎಂದು ಆಕೆ ಹೊರಟಳು. ಕಾಲು ಗಂಟೆಯಲ್ಲಿ ಮಾಸ್ತರನ ಸೊಂಟ ಹೋದ ಸುದ್ದಿ ಹೆಂಗಸರ ಸಾಲನ್ನು ದಾಟಿ, ಗಂಡಸರ ಸಾಲಿನಲ್ಲಿ ಕುಳಿತಿದ್ದ ದೇವಿಂದ್ರಪ್ಪನವರ ಕಿವಿ ಸೇರಿತು. ಅವರು ಕಾಲೇಜಿನ ಕಾರ್ಯದರ್ಶಿ, ಹಾಲು ಕುಡಿಯುವ ಮುಂಚೆ ಅದರಲ್ಲಿ ನೀರು ಹುಡುಕುವ ಜಾತಿ. "ಸೊಂಟ ಹೋದವರಿಗಿ ಖಾಯಂ ಮಾಡಿ ನಾವೇನು ದವಾಖಾನಿ ನಡಸಬೇಕೇನು?" ಎಂದು ಪಕ್ಕದವರಿಗೆ ಹೇಳಿದ್ದು ಓಣಿಯವರೆಗೂ ಕೇಳಿತು.

ಅಷ್ಟರಲ್ಲಿ ಮಹಾರುದ್ರಪ್ಪನವರು ಹುರುಪಾಗಿ ನೆಂಟರಿಗೆ ಹೇಳುತ್ತಿದ್ದರು: "ಈಗ ನೋಡ್ರಿ, ನಾ ನಡೂಮನಿಗಿ ಹೋಗ್ತೀನಿ. ಗಾಳಿ ತಾನೇ ಬರ್ತದ."

ಸೂರ್ಯಕಾಂತ ಓಣಿಯ ಮೂಲೆಮೂಲೆ ತಡಕಾಡಿದ. ಜೋಳದ ಚೀಲ ಎಲ್ಲಿ? ಅದನ್ನು ನಿನ್ನೆಯೇ ಹಳೆಯ ಮನೆಗೆ ಒಯ್ದಿದ್ದರು. ಅಡಿಗೆಮನೆಗೆ ಓಡಿದ. ಅಲ್ಲಿ ಅಡಿಗೆಯ ನರಸಿಂಗ ಹುಗ್ಗಿಯ ಕೊಪ್ಪರಿಗೆಗೆ ಬೆಲ್ಲ ಸುರಿಯುತ್ತಿದ್ದ. ಬದಿಗೆ ಅಕ್ಕಿಯ ಅರ್ಧ ಚೀಲ. ಸೂರ್ಯಕಾಂತ ಅದನ್ನು ಬೆನ್ನಿಗೇರಿಸಿದ.

"ಏ ಮಾಸ್ತರ! ಪ್ರಸಾದದ ಅಕ್ಕಿ ಎಲ್ಲಿಗಿ ಒಯ್ಯಾಕತ್ತೀರಿ?"

"ಒಂದು ನಿಮಿಷ, ನರಸಿಂಗಣ್ಣ! ವಾಪಸ್ ತರ್ತೀನಿ!"

"ಅಕ್ಕಿ ಏನು ಹವಾ ತಿನ್ನಾಕ ಹೊಂಟದೇನು?" ಎಂದು ನರಸಿಂಗ ಸೌಟು ಹಿಡಿದು ಬೆನ್ನು ಹತ್ತಿದ. ಓಣಿಯಲ್ಲಿ ಮುಂದೆ ಚೀಲ ಹೊತ್ತ ಸೂರ್ಯಕಾಂತ ಧಡ್ ಧಡ್, ಹಿಂದೆ ನರಸಿಂಗ ದಡಬಡ. ಫ್ಯಾನು ಬಿರುಗಾಳಿಯಂತೆ ತಿರುಗಿತು. ನಡುಮನೆಯಲ್ಲಿ ಚಪ್ಪಾಳೆ. ಓಣಿಯ ಕೊನೆಯಲ್ಲಿ, ಕಾಯಿಸಿದ ಇಟ್ಟಿಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ರುಕ್ಮಿಣಿಬಾಯಿ.

"ಅಯ್ಯ ಶಿವನೇ! ಸೊಂಟ ಹೋದವರು ಅಕ್ಕಿ ಚೀಲ ಹೊತ್ತಾರಲ್ಲ!"

ದೇವಿಂದ್ರಪ್ಪನವರೂ ನೀರು ಕುಡಿಯಲು ಅದೇ ಹೊತ್ತಿಗೆ ಓಣಿಗೆ ಬಂದಿದ್ದರು. ಸೂರ್ಯಕಾಂತನನ್ನು, ಚೀಲವನ್ನು, ಹಿತ್ತಲ ಬಾಗಿಲನ್ನು ಒಂದಾದ ಮೇಲೊಂದು ನೋಡಿದರು. ಅವರು ಬೈದಿದ್ದರೆ ಅವನಿಗೆ ಅಷ್ಟು ಭಯವಾಗುತ್ತಿರಲಿಲ್ಲ.

ಹತ್ತೂವರೆಗೆ ಅಯ್ಯನವರು ಇಷ್ಟಲಿಂಗ ಪೂಜೆಗೆ ಕುಳಿತರು. ಅವರ ಸುತ್ತ ಪಡಸಾಲೆ ತುಂಬ ಐವತ್ತು ಜನ, ಎಡಗೈಯಲ್ಲಿ ಲಿಂಗ, ಅದರ ಮೇಲೆ ನೆಟ್ಟ ದೃಷ್ಟಿ. ಅಯ್ಯನವರ ಮುಂದೆ ಒಂದು ಎಣ್ಣೆಯ ದೀಪ. ಉಸಿರಾಟದ ಹೊರತು ಇನ್ನೊಂದು ಚಲನೆಯಿಲ್ಲ. ಅಂಥ ಶಾಂತಿಯನ್ನು ನೋಡಿ ಸೂರ್ಯಕಾಂತನೂ ಮೆಟ್ಟಿಲ ಕೆಳಗೆ ಕಣ್ಣು ಮುಚ್ಚಿ ಕೈಮುಗಿದ. ತಟ್ಟನೆ ಕಣ್ಣು ತೆರೆದ. ಅವನಿಗೆ ನೆನಪಾಗಿತ್ತು: ಐದು ನಿಮಿಷ ಏನೂ ಅಲುಗದಿದ್ದರೆ ಪಡಸಾಲೆ ಖಾಲಿಯೆಂದು ತಿಳಿಯಬೇಕೆಂದು ಯಂತ್ರಕ್ಕೆ ಹೇಳಿದವನು ಅವನೇ. ಅಲುಗದೆ ಕುಳಿತವರು ಇಲ್ಲದವರಲ್ಲ ಎಂಬುದನ್ನು ಕಲಿಸಿರಲಿಲ್ಲ.

ದೀಪಗಳೆಲ್ಲ ಆರಿದವು. ಫ್ಯಾನು ನಿಂತಿತು. ಅಷ್ಟಾದರೆ ಚಿಂತೆಯಿರಲಿಲ್ಲ, ಪೂಜೆಯಲ್ಲಿದ್ದವರಿಗೆ ಎಣ್ಣೆದೀಪವೇ ಸಾಕಾಗಿತ್ತು, ಯಾರೂ ತಲೆ ಎತ್ತಲಿಲ್ಲ. ಆದರೆ ಖಾಲಿಯಾದ ಪಡಸಾಲೆಯಲ್ಲಿ ಮನೆಯವರ ಹೆಜ್ಜೆ ಬೀಳದೆ ಏನಾದರೂ ಅಲುಗಿದರೆ ಅದು ಕಳ್ಳನೆಂದು ತಿಳಿದು ಕೂಗಬೇಕೆಂದೂ ಅವನು ಯಂತ್ರಕ್ಕೆ ಹೇಳಿದ್ದ. "ದೇವರೇ, ಯಾರೂ ಅಲುಗದಿರಲಿ" ಎಂದು ಬೇಡಿಕೊಂಡ. ಐವತ್ತು ಜನ ಭಕ್ತರಲ್ಲಿ ಒಬ್ಬರಿಗೆ ಸೀನು ಬಂತು.

ಸೈರನ್ನು ಹೊಡೆದುಕೊಂಡ ಅಬ್ಬರಕ್ಕೆ ಕೆರೆಯ ಕೊಕ್ಕರೆಗಳೆಲ್ಲ ಎದ್ದವು. ಹೆಂಗಸರು ಕಿವಿ ಮುಚ್ಚಿಕೊಂಡರು. "ಬೆಂಕಿ!" ಎಂದರು ಕೆಲವರು, "ಪೊಲೀಸ್!" ಎಂದರು ಕೆಲವರು. ಸೂರ್ಯಕಾಂತ ಓಣಿಗೆ ಹಾರಿ ಓಡಿದ. ಸೈರನ್ನು ನಿಲ್ಲಲಿಲ್ಲ. ತಿರುಗಿ ಓಡಿದ. ಕೂಗು ಹೆಚ್ಚಾಯಿತೇ ಹೊರತು ಇಳಿಯಲಿಲ್ಲ. ಆಗ ಹೊಳೆಯಿತು. ಅವನು ಓಡಿ ಕಲಿಸಿರಲಿಲ್ಲವಲ್ಲ! ಮನೆಯವರ ನಡಿಗೆ ನಡೆಯಬೇಕು. ಓಣಿಯಲ್ಲೋ ಜನ ಎದ್ದು ನುಗ್ಗುತ್ತಿದ್ದರು. ಉಳಿದದ್ದು ತಲೆಬಾಗಿಲ ಪಟ್ಟಿ ಒಂದೇ. ಐವತ್ತು ಜನರ ಎದುರು, ಆ ಹುಯಿಲಿನ ನಡುವೆ, ಅವನು ತಲೆಬಾಗಿಲಿನಿಂದ ಸಂಜೆಯ ಗಾಳಿಗೆ ಹೊರಟವನ ಹಾಗೆ ತೀರ ನಿಧಾನವಾಗಿ, ಕೈ ಬೀಸುತ್ತ ನಡೆದುಬಂದ. ಹನ್ನೊಂದನೆಯ ಹೆಜ್ಜೆಗೆ ಸೈರನ್ನು ನಿಂತಿತು.

ಅಯ್ಯನವರು ದೃಷ್ಟಿಯನ್ನು ಲಿಂಗದಿಂದ ಕದಲಿಸಿರಲೇ ಇಲ್ಲ. ಆದರೆ ದೇವಿಂದ್ರಪ್ಪನವರು ಕದಲಿಸಿದ್ದರು.

"ನೋಡ್ರಿ ಸಾವ್ಕಾರ್ರ" ಎಂದು ಅವರು ಮಹಾರುದ್ರಪ್ಪನವರ ಕಿವಿಯಲ್ಲಿ ಹೇಳಿದರು, "ಮನಿ ಹೊಯ್ಕೋಳಾಕತ್ತದ, ನಿಮ್ಮ ಮಾಸ್ತರ ಬಾಗಲದಾಗ ಹವಾ ತಿನ್ನಾಕತ್ತಾನ!"

ಮಧ್ಯಾಹ್ನದ ಹೊತ್ತಿಗೆ ಸೂರ್ಯಕಾಂತ ಯಾರ ಕಾಲಲ್ಲಿ ನಡೆಯುತ್ತಿದ್ದಾನೆಂಬುದು ಅವನಿಗೇ ಮರೆತುಹೋಗಿತ್ತು. ಹನ್ನೆರಡು ಸಲ ಸೂಗಮ್ಮ, ಒಂಬತ್ತು ಸಲ ಮಹಾರುದ್ರಪ್ಪ, ಲೆಕ್ಕವಿಲ್ಲದಷ್ಟು ಸಲ ಭುವನೇಶ್ವರಿ. ನಡುನಡುವೆ ತನ್ನದೇ ನಡಿಗೆಯಲ್ಲಿ ಗೂಡಿಗೆ ಬಂದು ಯಂತ್ರದ ಮುಂದೆ. ಹುಗ್ಗಿಯ ವಾಸನೆ ಬಂತು, ಊಟ ಬರಲಿಲ್ಲ. ಸೈರನ್ನೊಂದು ಬಿಟ್ಟರೆ ಮನೆ ತಪ್ಪಲಿಲ್ಲ. ಬಂದವರೆಲ್ಲ ಹೊಗಳಿ ಹೊಗಳಿ ಊಟ ಮಾಡಿದರು. ಮಹಾರುದ್ರಪ್ಪನವರ ಮುಖ ಅರಳಿದ್ದನ್ನು ಕಂಡು ಅವನಿಗೆ ಸ್ವಲ್ಪ ಜೀವ ಬಂತು.

ನಾಲ್ಕಕ್ಕೆ ಆಡಳಿತ ಮಂಡಳಿ ಪಡಸಾಲೆಯಲ್ಲಿ ಗಾದಿಯ ಮೇಲೆ ಕುಳಿತಿತು. ದೇವಿಂದ್ರಪ್ಪನವರು ಟೈಪು ಮಾಡಿಸಿ ತಂದ ಆದೇಶವನ್ನು ಮುಂದಿಟ್ಟರು. ಹೆಸರಿನ ಜಾಗ ಖಾಲಿಯಿತ್ತು. ಸೂರ್ಯಕಾಂತ ಎದುರಿಗೆ ನಿಂತ.

"ಬರೀರಿ ಮತ್ತ, ಮಾಸ್ತರ ಹೆಸರು" ಎಂದರು ಮಹಾರುದ್ರಪ್ಪ.

"ತಡೀರಿ ಸಾವ್ಕಾರ್ರ" ಎಂದರು ದೇವಿಂದ್ರಪ್ಪ. "ಮಷೀನ ಛಲೋ ನಡೀತು, ಖರೇ. ಆದ್ರ ನಡಿಸಿದವರು ಯಾರು? ನಾ ಮುಂಜಾನಿಂದ ನೋಡಾಕತ್ತೀನಿ. ಇವರು ಒಮ್ಮಿ ಕೋಲ ಹಿಡ್ಕೊಂಡು ಹೆಣ್ಮಕ್ಕಳ ಹಂತ್ಯಾಕ, ಒಮ್ಮಿ ಅಕ್ಕಿ ಚೀಲ ಹೊತ್ಕೊಂಡು ಹಿತ್ತಲ ಕಡಿ, ಒಮ್ಮಿ ಬಾಗಲದಾಗ. ಮಷೀನಿನ ಮುಂದ ಕುಂತದ್ದು ನೋಡಿದವರು ಯಾರರ ಇದ್ದೀರೇನು?"

ಹೆಂಗಸರ ಕಡೆಯಿಂದ ರುಕ್ಮಿಣಿಬಾಯಿ, "ನಾ ಇಟಂಗಿ ತಗೊಂಡು ಹೋದಾಗೂ ಕುಂತಿದ್ದಿಲ್ಲ, ಓಡಾಕತ್ತಿದ್ರು" ಎಂದಳು.

"ನಾ ಅಲ್ಲೇ ಇದ್ದೇನ್ರಿ" ಎಂದ ಸೂರ್ಯಕಾಂತ. "ಆರು ಗಂಟೆಯಿಂದ ಅಲ್ಲೇ ಇದ್ದೇನಿ."

"ಜಗಳ ಯಾಕ?" ಎಂದರು ದೇವಿಂದ್ರಪ್ಪ. "ನೀವೇ ಅರ್ಜಿದಾಗ ಬರದೀರಿ. ಯಾರು ಯಾವ ಕ್ವಾಣ್ಯಾಗ ಎಷ್ಟು ಹೊತ್ತು ಇದ್ರು ಅಂತ ಮಷೀನ ಎಲ್ಲಾ ಬರದಿಡ್ತದ ಅಂತ. ತಗೀರಿ ಕಾಗದ. ಮಷೀನೇ ಹೇಳ್ಲಿ."

ಅಬ್ದುಲ್ ಕರೀಂ ಗೂಡಿಗೆ ಹೋದ. ಮುದ್ರಣಯಂತ್ರ ಕರ್ರ್ ಕರ್ರ್ ಎಂದು ಹಲ್ಲು ಕಡಿದು ಒಂದು ಮಾರು ಕಾಗದವನ್ನು ಉಗುಳಿತು. ಅದನ್ನು ತರುವಾಗ ಕರೀಂ ಸೂರ್ಯಕಾಂತನ ಮುಖ ನೋಡಲಿಲ್ಲ. ದೇವಿಂದ್ರಪ್ಪನವರು ಚಾಳೀಸು ಏರಿಸಿ ಓದಿದರು.

"ಮೆಟ್ಟಿಲ ಕೆಳಗಿನ ಕ್ವಾಣಿ. ಮುಂಜಾನೆ ಆರು ಗಂಟೆಯಿಂದ ನಾಕರತನ..." ಎಂದು ನಿಂತರು. ಚಾಳೀಸು ಒರೆಸಿ ಮತ್ತೆ ಓದಿದರು. "ಬಸವಕಿರಣ."

ಗಾದಿಯ ಮೇಲಿದ್ದವರೆಲ್ಲ ಕಾಗದದತ್ತ ಬಗ್ಗಿದರು.

"ಸೈರನ್ ಬಂದಾಗ, ನಿಂದ್ರಿಸಿದವರು: ಬಸವಕಿರಣ. ಸೂರ್ಯಕಾಂತ ಅನ್ನೂ ಹೆಸರು..." ಅವರು ಕಾಗದವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. "ಒಂದು ಕಡಿನೂ ಇಲ್ಲ."

ಮಹಾರುದ್ರಪ್ಪನವರ ಕಣ್ಣಲ್ಲಿ ನೀರು ಬಂತು. "ಮುಂಜಾನಿಂದ ನನ್ನ ಮಗ ಯಾರ ಕಣ್ಣಿಗೂ ಬಿದ್ದಿಲ್ಲ. ಅಜ್ಜನ ಪಟ ಹೊರಾಕೂ ಬರಲಿಲ್ಲ ಅಂತ ಎಷ್ಟು ಬೈದೆ! ಮೆಟ್ಟಿಲ ಕೆಳಗ ಕುಂತು ದುಡ್ಯಾಕತ್ತಿದ್ದನಲ್ಲ ನನ್ನ ಕೂಸು!"

ಇಷ್ಟು ಹೊತ್ತಿಗೆ ಹಿತ್ತಲ ಬಾಗಿಲಿನಿಂದ ಬಸವಕಿರಣ ಒಳಗೆ ಬಂದ. ಮುಂಜಾನೆಯೇ ಮೋಟಾರ್ ಸೈಕಲ್ಲಿನಲ್ಲಿ ಮನ್ನಾಏಖೇಳ್ಳಿಗೆ ಕ್ರಿಕೆಟ್ ಆಡಲು ಹೋಗಿದ್ದವನು; ಮೈಯೆಲ್ಲ ಧೂಳು. ಬೈಗುಳಕ್ಕೆ ಸಿದ್ಧನಾಗಿ ತಲೆ ತಗ್ಗಿಸಿದವನನ್ನು ಅಪ್ಪ ಎದ್ದು ಬಂದು ತಬ್ಬಿಕೊಂಡರು.

"ನೋಡ್ರಿ, ಗೂಡಿನಾಗಿನ ಧೂಳು ಹ್ಯಾಂಗ ಹತ್ಯದ! ಇಡೀ ದಿನ ಮಷೀನ ನಡಿಸಿದಾಂವ ನೀನೇ ಏನೋ?"

ಬಸವಕಿರಣ ಅಪ್ಪನ ಹೆಗಲ ಮೇಲಿಂದ ಕಾಗದವನ್ನು ನೋಡಿದ, ಸೂರ್ಯಕಾಂತನ ಮುಖ ನೋಡಿದ. ನಾಲ್ಕು ಸಲ ಪರೀಕ್ಷೆಗೆ ಕುಳಿತವನಿಗೂ ಕೆಲವು ಉತ್ತರಗಳು ತಟ್ಟನೆ ಹೊಳೆಯುತ್ತವೆ.

"ಹೌದ್ರಿ ಅಪ್ಪಾ" ಎಂದ. "ನಾನೇ."

"ಸಾವ್ಕಾರ್ರ, ಅದು ಬಸವಕಿರಣ ಅಲ್ರಿ, ಅದು..." ಎಂದು ಸೂರ್ಯಕಾಂತ ಬಾಯಿ ತೆರೆದ.

"ಅಂದ್ರ?" ದೇವಿಂದ್ರಪ್ಪನವರ ಕಣ್ಣು ಸಣ್ಣವಾದವು. "ನೀವು ಮಾಡಿದ ಮಷೀನ ಸುಳ್ಳು ಬರೀತದೇನು? ಹಂಗಾದ್ರ ಇವತ್ತು ನಾವು ನೋಡಿದ್ದೆಲ್ಲಾ ಸುಳ್ಳೇನು? ಆಯಿ ಬಂದಾಗ ದೀಪ ಹತ್ತಿದ್ದೂ ಸುಳ್ಳೇನು?"

ಸೂರ್ಯಕಾಂತ ಸೂಗಮ್ಮನವರ ಕಡೆ ನೋಡಿದ. ಅವರು ಪಟವನ್ನು ತೊಡೆಯ ಮೇಲಿಟ್ಟುಕೊಂಡು, ಹಳದಿ ದೀಪದ ಕೆಳಗೆ, ಏನು ಹೇಳುತ್ತಾನೋ ಎಂದು ಅವನನ್ನೇ ನೋಡುತ್ತಿದ್ದರು.

"ಇಲ್ರಿ" ಎಂದ. "ಮಷೀನ ಸುಳ್ಳು ಬರಿಯಂಗಿಲ್ರಿ."

ಖಾಲಿ ಜಾಗದಲ್ಲಿ ಬಸವಕಿರಣನ ಹೆಸರು ಬಿತ್ತು. ಸಾಕ್ಷಿಯ ಜಾಗ ಒಂದು ಉಳಿದಿತ್ತು. ಅದಕ್ಕೆ ಸೂರ್ಯಕಾಂತನ ಸಹಿ ಮಾಡಿಸಿಕೊಂಡರು. "ನಿಮ್ಮ ಹೊಟ್ಟಿ ಮ್ಯಾಲ ನಾ ಹೊಡಿಯಂಗಿಲ್ಲ ಮಾಸ್ತರ. ಇದ್ದ ಹಾಂಗ ಟೆಂಪರ್‌ವರಿ ಇರ್ರಿ" ಎಂದರು ಮಹಾರುದ್ರಪ್ಪ ಉದಾರವಾಗಿ. "ಮತ್ತ ಒಂದು ಕೆಲಸ ಅದ. ಇಂಥಾದೇ ಪಟ್ಟಿ ಕಾಲೇಜಿನ ಬಾಗಲಿಗೂ ಹಾಕ್ರಿ, ಇದೇ ಹೆಜ್ಜಿ ಗುರ್ತು ಅಲ್ಲೂ ಇಟ್ಬಿಡ್ರಿ. ಸೋಮವಾರದಿಂದ ಖಾಯಂ ಇದ್ದವರಿಗಿ ರಿಜಿಸ್ಟರ್ ಬಂದ್. ಹೆಜ್ಜಿ ಬಿದ್ರ ಹಾಜರ್, ಇಲ್ಲಂದ್ರ ಗೈರು. ಮೂರು ಗೈರಾದ್ರ ಮನಿಗಿ. ನನ್ನ ಮಗ ಆದ್ರೂ ಅಷ್ಟೇ!"

ಸೂರ್ಯಕಾಂತ ಕೈಮುಗಿದು ಹೊರಬಿದ್ದ. ಹುಮನಾಬಾದಿನ ಬಸ್ಸಿಗೆ ಇನ್ನೂ ಹೊತ್ತಿತ್ತು. ಗೇಟು ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಓಡಿಬಂದು ತೋಳು ಹಿಡಿದರು. ಬಸವಕಿರಣ. ಅವನ ಮುಖದ ಸಂತೋಷವೆಲ್ಲ ಇಳಿದುಹೋಗಿತ್ತು.

"ಸರ್, ಕರೀಂಭಾಯಿ ಎಲ್ಲಾ ಹೇಳ್ದ. ಮಷೀನಿನಾಗ ಇರೂದು ನನ್ನ ಹೆಜ್ಜಿ ಅಲ್ಲಂತ, ನಿಮ್ಮದಂತ."

ಸೂರ್ಯಕಾಂತ ಹೌದೆಂದು ತಲೆಯಾಡಿಸಿದ.

"ನಾ ಬಂದ್ರ ಅದು ನನ್ನ ಗುರ್ತ ಹಿಡಿ‌ಯಂಗಿಲ್ಲ ಸರ್. ಹೊಸಾದು ಕಲಸಬೇಕಂದ್ರ ಅಪ್ಪಗ ಯಾಕ ಅಂತ ಹೇಳಬೇಕು. ಹೇಳಿದ್ರ ನಾನೂ ಇಲ್ಲ, ನೀವೂ ಇಲ್ಲ." ಅವನು ಸೂರ್ಯಕಾಂತನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡ. "ಸೋಮವಾರ ಮುಂಜಾನೆ ಒಂಬತ್ತಕ್ಕ ಬರೋಬ್ಬರಿ ಬರ್ರಿ ಸರ್. ಜ್ವರ ಬರ್ಲಿ, ನೆಗಡಿ ಬರ್ಲಿ, ಸೊಂಟ ಹಿಡೀಲಿ. ನಾ ಖಾಯಂ ಆಗೀನಿ. ಇನ್ನ ನೀವು ಒಂದು ದಿನಾನೂ ತಪ್ಪಸಂಗಿಲ್ಲ!"